ಇನ್ನೂರು ನಿಮಿಷದಲ್ಲಿ ನಿನ್ನ ಪಾಲು

ನಿನ್ನ ಮೊಣಕಾಲು ಮರಗಟ್ಟುತ್ತಿದೆ. ಆಟಕ್ಕೆ ಮುಂಚೆ ಓಡಿ, ಹಾರಿ ಮೈ ಕಾಯಿಸಿಕೊಂಡಿದ್ದೆಯಲ್ಲ, ಆ ಬೆವರು ಈಗ ಬೆನ್ನಿಗೆ ತಣ್ಣಗೆ ಅಂಟಿಕೊಂಡಿದೆ. ಜಾಕೆಟ್ ಬಿಚ್ಚು ಎಂದು ಯಾರೂ ಹೇಳಿಲ್ಲ. ಬೆಂಚಿನ ಕೊನೆಯ ಕುರ್ಚಿ ನಿನ್ನದು. ಪಕ್ಕದವಳ ಹೆಗಲಿನಿಂದ ನೋವಿನ ಮುಲಾಮಿನ ಘಾಟು, ಹಿಂದಿನ ಸಾಲಿನಿಂದ ಪಾಪ್‌ಕಾರ್ನ್ ವಾಸನೆ. ಬ್ಯಾಂಡಿನ ಡ್ರಮ್ ಪ್ರತಿ ಹೊಡೆತಕ್ಕೂ ಎದೆಯೊಳಗೆ ಗುದ್ದುತ್ತಿದೆ.

2023ರ ಏಪ್ರಿಲ್ 2. ಡಾಲಸ್‌ನ ಅಮೆರಿಕನ್ ಏರ್‌ಲೈನ್ಸ್ ಸೆಂಟರ್‌ನಲ್ಲಿ ಅಮೆರಿಕದ ಕಾಲೇಜು ಮಹಿಳಾ ಬಾಸ್ಕೆಟ್‌ಬಾಲ್ ಫೈನಲ್. ನಿನ್ನ ತಂಡ ಲೂಯಿಸಿಯಾನ ಸ್ಟೇಟ್, ಎದುರು ಅಯೋವಾ. ಸುತ್ತ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಜನ. ಅಂಗಳದಲ್ಲಿ ಐದೇ ಜನ, ನಲವತ್ತೇ ನಿಮಿಷ. ಅಂದರೆ ಇಡೀ ತಂಡ ಹಂಚಿಕೊಳ್ಳಬೇಕಾದದ್ದು ಇನ್ನೂರು ನಿಮಿಷ. ಊರಿನಲ್ಲಿ ನೀನೇ ಎಲ್ಲರಿಗಿಂತ ಎತ್ತರ ಹಾರುತ್ತಿದ್ದವಳು. ಇಲ್ಲಿರುವ ಎಲ್ಲರೂ ಅವರವರ ಊರಿನಲ್ಲಿ ಹಾಗೇ ಇದ್ದವರು. ಇಂದು ನಿನ್ನ ಪಾಲಿಗೆ ಒಂದು ನಿಮಿಷವೂ ಬರದೆ ಹೋಗಬಹುದು.

ಶಿಳ್ಳೆ. ನಿನ್ನ ತಂಡದ ಏಂಜೆಲ್ ರೀಸ್ ಮೇಲೆ ಎರಡನೇ ಫೌಲ್.

ನಿನ್ನ ಹೊಟ್ಟೆ ಕಿವುಚುತ್ತದೆ. ಐದು ಫೌಲ್ ಆದರೆ ಆಟದಿಂದಲೇ ಹೊರಗೆ. ಇಷ್ಟು ಬೇಗ ಎರಡಾದರೆ ಯಾವ ಕೋಚ್ ತಾನೇ ಪಣಕ್ಕಿಡುತ್ತಾರೆ? ಮಿನುಗುವ ಹುಲಿಪಟ್ಟೆಯ ಉಡುಪಿನಲ್ಲಿ ಕೋಚ್ ಕಿಮ್ ಮಲ್ಕಿ ಬೆಂಚಿನತ್ತ ತಿರುಗುತ್ತಾರೆ. ಕಣ್ಣು ಒಬ್ಬೊಬ್ಬರ ಮೇಲೂ ಹಾದು ಬರುತ್ತದೆ. ನಿನ್ನ ಬೆರಳು ಜಾಕೆಟ್ಟಿನ ಗುಂಡಿಯ ಮೇಲಿದೆ. ಕರೆಯಲಿ ಎಂದು ಬೇಡುತ್ತೀಯ; ಕರೆದರೆ ಈ ಮರಗಟ್ಟಿದ ಕಾಲು ಏಳುತ್ತದೆಯೇ ಎಂದು ಹೆದರುತ್ತೀಯ. ಕಣ್ಣು ನಿನ್ನನ್ನು ದಾಟಿ ಹೋಗುತ್ತದೆ.

ರೀಸ್ ಬಂದು ಕೂರುತ್ತಾಳೆ. ಎರಡನೇ ಕ್ವಾರ್ಟರ್‌ನ ಬಹುಪಾಲು ಅವಳೂ ನಿನ್ನಂತೆ ನೋಡುವವಳೇ. ಅಂಗಳದಲ್ಲಿ ಈಗ ಜಾಸ್ಮಿನ್ ಕಾರ್ಸನ್, ಬೆಂಚಿನಿಂದ ಎದ್ದು ಹೋದವಳು. ಜಾರ್ಜಿಯಾ ಟೆಕ್ ಬಿಟ್ಟು ವೆಸ್ಟ್ ವರ್ಜೀನಿಯಾ, ಅದನ್ನೂ ಬಿಟ್ಟು ಇಲ್ಲಿಗೆ ಬಂದವಳು. ಚೆಂಡು ಅವಳ ಕೈಗೆ ಬರುತ್ತದೆ. ಮೂರಂಕದ ಗೆರೆಯಾಚೆಯಿಂದ ಎಸೆಯುತ್ತಾಳೆ. ಒಳಗೆ! ಮತ್ತೆ ಎಸೆತ, ಮತ್ತೆ ಒಳಗೆ. ಬಲೆಯ ಸರಕ್ಕೆನ್ನುವ ಸದ್ದು ಗದ್ದಲದೊಳಗೂ ಕೇಳುತ್ತದೆ. ನೀನು ಎದ್ದು ನಿಂತಿದ್ದೀಯ, ಟವೆಲ್ ಬೀಸುತ್ತಿದ್ದೀಯ, ಗಂಟಲು ಒಡೆದಿದೆ. ಗಡಿಯಾರ ಸೊನ್ನೆಯತ್ತ ಓಡುತ್ತಿದೆ. ಮೂರು, ಎರಡು. ಚೆಂಡು ಅವಳ ಬೆರಳು ಬಿಡುತ್ತದೆ, ಹಲಗೆಗೆ ಬಡಿಯುತ್ತದೆ, ಒಳಗೆ ಬೀಳುತ್ತದೆ. 59–42. ಮೊದಲರ್ಧದಲ್ಲಿ ಏಳು ಎಸೆತ, ಏಳೂ ಗುರಿಗೆ, 21 ಅಂಕ.

ನಿನ್ನ ಸಂತೋಷ ನಿಜ. ಅದರ ಅಡಿಯಲ್ಲಿ ಇನ್ನೊಂದು ಉರಿ ಇದೆ, ಅದೂ ನಿಜ: ಆ ಕರೆ ನನಗೆ ಬಂದಿದ್ದರೆ? ಇದಕ್ಕೆ ನಾಚಿಕೊಳ್ಳಬೇಡ. ಆಡುವ ಮೈಗೆ ಆಡುವ ಹಸಿವು ಇರಲೇಬೇಕು.

ವಿರಾಮ. ಕೋಣೆಯಲ್ಲಿ ಸುತ್ತ ನೋಡು. ರೀಸ್ ಮೇರಿಲ್ಯಾಂಡ್ ಬಿಟ್ಟು ಬಂದವಳು. ಲಡೇಜಿಯಾ ವಿಲಿಯಮ್ಸ್ ಸೌತ್ ಕ್ಯಾರೊಲೈನಾ, ಮಿಸೌರಿ ದಾಟಿ ಬಂದವಳು. ಅಲೆಕ್ಸಿಸ್ ಮಾರಿಸ್ ಬೇಲರ್‌ನಲ್ಲಿ ಇದೇ ಮಲ್ಕಿ ತಂಡದಿಂದ ತೆಗೆದುಹಾಕಿದ ಮೇಲೆ ರಟ್ಗರ್ಸ್, ಟೆಕ್ಸಸ್ ಎ ಆ್ಯಂಡ್ ಎಂ ಸುತ್ತಿ ಮತ್ತೆ ಅದೇ ಕೋಚ್ ಬಳಿಗೆ ಬಂದವಳು. ಹೀಗೆ ಹೋಗುವವರನ್ನು ನಿಷ್ಠೆಯಿಲ್ಲದವರು ಎಂದು ಬಯ್ಯುವವರು ಬಹಳ. ಸ್ವತಃ ಮಲ್ಕಿ ಬೇಲರ್‌ಗೆ ಮೂರು ಪ್ರಶಸ್ತಿ ತಂದುಕೊಟ್ಟು 2021ರಲ್ಲಿ ಇಲ್ಲಿಗೆ ಬಂದರು. ಒಂದು ವರ್ಷ ಸುಮ್ಮನೆ ಕೂತಿರಿ ಎಂದು ಅವರಿಗೆ ಯಾರೂ ಹೇಳಲಿಲ್ಲ. 2021ರ ತನಕ ಹುಡುಗಿಯರಿಗೆ ಅದೇ ಶಿಕ್ಷೆ ಇತ್ತು: ಕಾಲೇಜು ಬದಲಿಸಿದರೆ ಒಂದು ವರ್ಷ ಆಟವಿಲ್ಲ. ಆಡುವ ಆಯುಸ್ಸೇ ಚಿಕ್ಕದಾದವರನ್ನು ಒಂದು ವರ್ಷ ಸುಮ್ಮನೆ ಕೂರಿಸುವುದು ಅನ್ಯಾಯವಲ್ಲದೆ ಮತ್ತೇನು?

ಮತ್ತೆ ಬೆಂಚು. ಅಯೋವಾದ ಕೇಟ್ಲಿನ್ ಕ್ಲಾರ್ಕ್ ದೂರದಿಂದ ಎಸೆದಾಗಲೆಲ್ಲ ಸಭಾಂಗಣ ಉಸಿರು ಎಳೆದುಕೊಳ್ಳುತ್ತದೆ. ಅಂತರ ಎಂಟಕ್ಕೆ ಇಳಿಯುತ್ತದೆ. ನಿನ್ನ ಅಂಗೈ ಒದ್ದೆ. ಕಾರ್ಸನ್‌ಗೆ ಈ ಅರ್ಧದಲ್ಲಿ ದಕ್ಕುವುದು ಒಂದೇ ಅಂಕ. ಈಗ ಆಟವನ್ನು ಹೊರುವವಳು ಮಾರಿಸ್. ಕೊನೆಯ ಸದ್ದು. 102–85. ಬಣ್ಣದ ಕಾಗದದ ಚೂರುಗಳು ತಲೆ ಮೇಲೆ ಸುರಿಯುತ್ತವೆ, ನಿನ್ನ ತುಟಿಗೂ ಒಂದು ಅಂಟುತ್ತದೆ. ನೀನು ಚಾಂಪಿಯನ್. ನಿನ್ನ ಜೆರ್ಸಿ ಒಣಗಿದೆ.

ಬ್ಯಾಟನ್ ರೂಜ್‌ಗೆ ಮರಳಿದ ಮೇಲೆ ರಾತ್ರಿ ನಿದ್ದೆಯಿಲ್ಲ. ಕಾಲೇಜು ಬದಲಿಸುವವರ ಹೆಸರು ಸೇರಿಸುವ ಟ್ರಾನ್ಸ್‌ಫರ್ ಪೋರ್ಟಲ್ ಮಾರ್ಚ್ 13ರಿಂದಲೇ ತೆರೆದಿದೆ. ನೀವು ಪಂದ್ಯದ ಮೇಲೆ ಪಂದ್ಯ ಗೆಲ್ಲುತ್ತಿದ್ದಾಗಲೂ ತೆರೆದೇ ಇತ್ತು. ಮೇ 11ಕ್ಕೆ ಮುಚ್ಚುತ್ತದೆ. ಏಪ್ರಿಲ್ ಕೊನೆಯಲ್ಲಿ ಸುದ್ದಿ: ಲೂಯಿವಿಲ್‌ನ ಹೇಲಿ ವ್ಯಾನ್ ಲಿತ್ ಬರುತ್ತಿದ್ದಾಳೆ. ಮೇ ಮೊದಲ ವಾರದಲ್ಲಿ ಇನ್ನೊಂದು: ಡಿಪಾಲ್‌ನ ಅನೀಸಾ ಮಾರೋ. ಇಬ್ಬರೂ ನಿಮಿಷಗಳನ್ನು ಕೇಳಿಯೇ ಬರುವವರು. ಬರುವ ವರ್ಷದ ಇನ್ನೂರನ್ನು ಕತ್ತಲಲ್ಲೇ ಹಂಚಿ ನೋಡುತ್ತೀಯ. ಹೇಗೆ ಹಂಚಿದರೂ ಕೊನೆಗೆ ನಿನ್ನ ಕೈ ಖಾಲಿ.

ಹೋಗುವುದು ಸುಲಭವಲ್ಲ. ಹೆಸರು ಕೊಟ್ಟರೆ ಎರಡು ಕೆಲಸದ ದಿನಗಳೊಳಗೆ ಕಾಲೇಜು ಅದನ್ನು ಪೋರ್ಟಲ್‌ಗೆ ಸೇರಿಸಬೇಕು. ಈಗಿನ ಓದಿನ ಅವಧಿ ಮುಗಿದ ಮೇಲೆ ನಿನ್ನ ವಿದ್ಯಾರ್ಥಿವೇತನ ನಿಲ್ಲಿಸುವ ಹಕ್ಕೂ ಅದಕ್ಕೆ ಬರುತ್ತದೆ. ಬೇರೆ ಕಾಲೇಜು ಕರೆದೇ ಕರೆಯುತ್ತದೆ ಎಂಬ ಖಾತರಿ ಇಲ್ಲ. ಇಲ್ಲೇ ಉಳಿದರೆ ಇನ್ನೊಂದು ಪ್ರಶಸ್ತಿ ಸಿಗಬಹುದು, ಕುರ್ಚಿ ಮಾತ್ರ ಇದೇ. ಗೆಳತಿಯರು ಪಕ್ಕದ ಕೋಣೆಗಳಲ್ಲಿ ಮಲಗಿದ್ದಾರೆ. ಬೆಳಿಗ್ಗೆ ಅವರ ಮುಖ ನೋಡಬೇಕು. ಅಮ್ಮ ಫೋನಿನಲ್ಲಿ, "ನಿನ್ನ ಮನಸ್ಸಿಗೆ ಬಂದಂಗೆ ಮಾಡು ಪುಟ್ಟಿ," ಎಂದಷ್ಟೇ ಹೇಳಿದ್ದಾಳೆ.

ನಾಲ್ಕೇ ಸಾಲಿನ ಪತ್ರ ಬರೆದು, ಅಳಿಸಿ, ಮತ್ತೆ ಬರೆಯುತ್ತೀಯ. ಹೆಬ್ಬೆರಳು ನಡುಗುತ್ತದೆ. ಕಳಿಸುತ್ತೀಯ.

ಮೂರನೇ ದಿನ ಗೊತ್ತಿಲ್ಲದ ನಂಬರಿನಿಂದ ಕರೆ. ಚಿಕ್ಕ ಕಾಲೇಜಿನ ಕೋಚ್. ಹೊಸ ಜಿಮ್, ಒಳ್ಳೆಯ ಊರು ಎಂದೆಲ್ಲ ಹೇಳುತ್ತಿದ್ದಾರೆ. ನೀನು ನಡುವೆ ಬಾಯಿ ಹಾಕಿ ಕೇಳುತ್ತೀಯ: "ಕೋಚ್, ನನ್ನನ್ನು ಎಷ್ಟು ನಿಮಿಷ ಆಡಿಸ್ತೀರಿ?"