ಉರಿಯಿಲ್ಲದ ಚಿಮಣಿಗಳು

ಚಿಮಣಿಯೆಂಬ ಮಾತು ಕಿವಿಗೆ ಬಿದ್ದೊಡನೆ ಬಯಲುಸೀಮೆಯ ಕನ್ನಡಿಗರ ಕಣ್ಣೆದುರಿಗೆ ಬರುವುದು ಸೀಮೆಎಣ್ಣೆಯ ಬುಡ್ಡಿ. ಅದರ ಬೆಳಕಿನಲ್ಲಿ ಮಗ್ಗಿ ಬಾಯಿಪಾಠ ಮಾಡಿದ ಹಿರಿಯರು ಈ ಪತ್ರಿಕೆಯ ಓದುಗರಲ್ಲಿಯೂ ಇದ್ದಾರೆ. ಆದರೆ ನೀಲಗಿರಿಯ ಮೇಲೆ ನೆಲೆಸಿದ ನಮಗೆ ಆ ಮಾತಿನ ಅರ್ಥ ಬೇರೆ. ಮಾಡನ್ನು ಸೀಳಿಕೊಂಡು ಮೇಲೆದ್ದು ನಿಂತ, ಒಳಗೆ ಟೊಳ್ಳಾದ ಇಟ್ಟಿಗೆಯ ಕಂಬವೇ ನಮ್ಮ ಚಿಮಣಿ. ತಾಳವಾಡಿಯ ಕಡೆಯ ಶಾಲೆಗಳ ಮಕ್ಕಳು ಪ್ರವಾಸಕ್ಕೆಂದು ಉದಕಮಂಡಲಕ್ಕೆ ಬಂದಾಗ, ‘ಇಷ್ಟೊಂದು ಮನೆಗಳ ಮೇಲೆ ಕಂಬಗಳೇಕೆ? ಒಂದರಿಂದಲೂ ಹೊಗೆ ಬರುತ್ತಿಲ್ಲವಲ್ಲ!’ ಎಂದು ಕೇಳುವುದುಂಟು. ಆ ಪ್ರಶ್ನೆಯ ಎರಡನೆಯ ಭಾಗವೇ ಈ ಬರಹದ ವಿಷಯ.

ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1819ರಲ್ಲಿ ಈ ಬೆಟ್ಟವನ್ನೇರಿದನು. 1822ರಲ್ಲಿ ಉದಕಮಂಡಲದಲ್ಲಿ ತನ್ನ ಮನೆಯನ್ನು ಕಟ್ಟಲು ತೊಡಗಿದನು. ಕಲ್ಲಿನ ಆ ಮನೆಯನ್ನು ಇಲ್ಲಿನ ಮೂಲನಿವಾಸಿಗಳು ‘ಕಲ್ ಬಂಗಲೆ’ ಎಂದರಂತೆ. ಈ ಹೆಸರಿನ ಅರ್ಥ ತಿಳಿಯಲು ಕನ್ನಡಿಗನಿಗೆ ನಿಘಂಟು ಬೇಕಿಲ್ಲ. ಬಳಿಕ ಬಂದ ಆಂಗ್ಲರು ತಮ್ಮ ದೇಶದ ಮನೆಯ ಮಾದರಿಯನ್ನೇ ಬೆಟ್ಟಕ್ಕೆ ಹೊತ್ತು ತಂದರು. ಕೋಣೆಗೊಂದು ಅಗ್ಗಿಷ್ಟಿಕೆ, ಅಗ್ಗಿಷ್ಟಿಕೆಗೊಂದು ಚಿಮಣಿ. ಮೊದಲು ಸುಟ್ಟದ್ದು ಇಲ್ಲಿನ ಶೋಲಾ ಕಾಡನ್ನು. ಅದು ಕರಗುತ್ತ ಬಂದಂತೆ ಆಸ್ಟ್ರೇಲಿಯದಿಂದ ಬಂದ ಮರಗಳನ್ನು ಸೌದೆಗಾಗಿ ಬೆಳೆಸಿದರು. ಇಲ್ಲಿಗೆ 1843ರಲ್ಲಿ ಬಂದ ಆ ಪರದೇಶದ ಮರವನ್ನು ಕನ್ನಡನಾಡಿನಲ್ಲಿ ‘ನೀಲಗಿರಿ ಮರ’ವೆಂದೇ ಕರೆಯುತ್ತಾರೆ. ಅಗ್ಗಿಷ್ಟಿಕೆಗಳ ಹಸಿವನ್ನು ತಣಿಸಲು ಬಂದ ಮರಕ್ಕೆ ನಮ್ಮ ಬೆಟ್ಟದ ಹೆಸರು ಅಂಟಿಕೊಂಡದ್ದು ವಿನೋದವೇ ಸರಿ.

ಈಗ ಸೌದೆ ದುಬಾರಿ. ಅಡುಗೆಗೆ ಅನಿಲದ ಒಲೆ ಬಂದಿದೆ, ಚಳಿಗೆ ವಿದ್ಯುತ್ತಿನ ಹೀಟರು ಬಂದಿದೆ. ಹೀಗಾಗಿ ಚಿಮಣಿಗಳು ನಿರುದ್ಯೋಗಿಗಳಾಗಿ ನಿಂತಿವೆ. ನಿರುದ್ಯೋಗಿಯಾದವನು ಸುಮ್ಮನಿರುವುದಿಲ್ಲವೆಂಬ ಮಾತು ಚಿಮಣಿಗೂ ಸಲ್ಲುತ್ತದೆ.

ನಾವು ವಾಸವಾಗಿರುವ ಹಳೆಯ ಮನೆಗೆ ಇಂಥ ನಾಲ್ಕು ಅಗ್ಗಿಷ್ಟಿಕೆಗಳಿವೆ. ಮಾರ್ಗಶಿರದ ರಾತ್ರಿಗಳಲ್ಲಿ, ಅಂಗಳದ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವ ಹೊತ್ತಿನಲ್ಲಿ, ಹೀಟರು ಎಷ್ಟು ಉರಿದರೂ ಕೋಣೆ ಬೆಚ್ಚಗಾಗುತ್ತಿರಲಿಲ್ಲ. ಕಾರಣ ಸರಳ. ಬಿಸಿಯಾದ ಗಾಳಿ ಹಗುರ; ಅದು ಮೇಲಕ್ಕೇರುತ್ತದೆ; ಏರಲು ಹಾದಿಯೊಂದು ಸಿದ್ಧವಾಗಿದ್ದರೆ ಅದರಲ್ಲಿಯೇ ಏರಿ ಹೊರಗೆ ಹೋಗುತ್ತದೆ. ಹೋದಷ್ಟೇ ತಣ್ಣನೆಯ ಗಾಳಿ ಬಾಗಿಲು ಕಿಟಕಿಗಳ ಸಂದಿನಿಂದ ಒಳಗೆ ಬರುತ್ತದೆ. ಏಳನೆಯ ತರಗತಿಯ ಹುಡುಗರು ಮಾಡಬಲ್ಲ ಲೆಕ್ಕವಿದು: ಕೋಣೆ 15 ಅಡಿ ಉದ್ದ, 12 ಅಡಿ ಅಗಲ, 11 ಅಡಿ ಎತ್ತರವಿದ್ದರೆ ಅದರಲ್ಲಿರುವ ಗಾಳಿ 1980 ಘನ ಅಡಿ. ಚಿಮಣಿಯ ಕೊಳವೆ 9 ಅಂಗುಲ ಚೌಕವಾಗಿದ್ದು, ಗಾಳಿ ಅದರಲ್ಲಿ ಸೆಕೆಂಡಿಗೆ 3 ಅಡಿಯಂತೆ ಏರಿದರೆ, ಒಂದು ಗಂಟೆಯಲ್ಲಿ 6000 ಘನ ಅಡಿಗೂ ಮಿಕ್ಕಿದ ಗಾಳಿ ಹೊರಬೀಳುತ್ತದೆ. ಅಂದರೆ ಕೋಣೆಯ ಗಾಳಿಯೆಲ್ಲ ಗಂಟೆಗೆ ಮೂರು ಸಲ ಬದಲಾದಂತೆ. ನಾವು ವಿದ್ಯುತ್ತಿಗೆ ತೆತ್ತ ಹಣದ ಬಹುಪಾಲು ದೊಡ್ಡಬೆಟ್ಟದ ಆಕಾಶವನ್ನು ಬೆಚ್ಚಗಾಗಿಸಲು ಹೋಗುತ್ತಿತ್ತು.

ಹಾಗಾದರೆ ಮುಚ್ಚಿಬಿಟ್ಟರಾಯಿತು ಎಂದು ಯಾರಿಗಾದರೂ ತೋಚುತ್ತದೆ. ಚಿಮಣಿ ಮುಚ್ಚುವುದು ಹೊಸ ವಿದ್ಯೆಯೂ ಅಲ್ಲ. ಇಂಗ್ಲೆಂಡಿನಲ್ಲಿ 1662ರಿಂದ 1689ರ ವರೆಗೆ ಒಲೆಯೊಂದಕ್ಕೆ ವರ್ಷಕ್ಕೆ ಎರಡು ಷಿಲಿಂಗಿನ ತೆರಿಗೆಯಿತ್ತು. ಅದನ್ನು ತಪ್ಪಿಸಿಕೊಳ್ಳಲು ಒಲೆಯ ಬಾಯಿಯನ್ನೇ ಕಟ್ಟಿದವರುಂಟು. ಆ ದೇಶದ ಚಿಮಣಿಗಳ ಕಥೆಯಲ್ಲಿ ಇದಕ್ಕಿಂತ ಕರುಣಾಜನಕವಾದ ಅಧ್ಯಾಯವೊಂದಿದೆ. ಇಕ್ಕಟ್ಟಾದ ಕೊಳವೆಯೊಳಕ್ಕೆ ಪುಟ್ಟ ಹುಡುಗರನ್ನು ಹತ್ತಿಸಿ ಇಲ್ಲಣ ಕೆರೆಸುತ್ತಿದ್ದರು. 1788ರಿಂದ ಕಾನೂನಿನ ಮೇಲೆ ಕಾನೂನು ಬಂದರೂ ಈ ಪದ್ಧತಿ ನಿಜವಾಗಿ ನಿಂತದ್ದು 1875ರ ಕಾನೂನಿನಿಂದ. ನಮ್ಮ ಚಿಮಣಿಯ ಕೊಳವೆಯೊಳಗೆ ಕೈದೀಪ ಹಿಡಿದು ನೋಡಿದಾಗಲೆಲ್ಲ ಆ ಮಕ್ಕಳ ನೆನಪಾಗುತ್ತದೆ. ಅಲ್ಲಿ ಒಂದು ಬೆಕ್ಕು ತಿರುಗುವುದೂ ಕಷ್ಟ.

ನಮಗಿಂತ ಮೊದಲು ಈ ಮನೆಯಲ್ಲಿದ್ದವರೊಬ್ಬರು ಓದುವ ಕೋಣೆಯ ಚಿಮಣಿಯನ್ನು ತಾವೇ ಮುಚ್ಚಿಸಿದ್ದರು. ಕೆಳಗೆ ಹಳೆಯ ಕಾಗದ ತುರುಕಿ ಸಿಮೆಂಟು ಮೆತ್ತಿಸಿದ್ದರು. ಮೇಲಿನ ತುದಿಗೂ ಸಿಮೆಂಟಿನ ಹಲಗೆ ಹೊದಿಸಿದ್ದರು. ಹೊರಗಿನಿಂದ ನೋಡಿದರೆ ಕೆಲಸ ಭದ್ರವಾಗಿಯೇ ಇತ್ತು. ಆದರೆ ಆ ಕೋಣೆಯ ಗೋಡೆಯ ಮೇಲೆ ಕಾಫಿಯ ಕಷಾಯ ಚೆಲ್ಲಿದಂಥ ಕಂದು ಕಲೆ ವರ್ಷವರ್ಷವೂ ಹಿಗ್ಗುತ್ತಿತ್ತು. ಸುಣ್ಣ ಬಳಿದರೆ ಮೂರು ತಿಂಗಳಲ್ಲಿ ಮತ್ತೆ ಮೂಡುತ್ತಿತ್ತು. ಪುಸ್ತಕಗಳ ಬೆನ್ನಿಗೆ ಬೂಷ್ಟು ಹಿಡಿಯುತ್ತಿತ್ತು. ಮಳೆಯಿಲ್ಲದ ದಿನವೂ ಗೋಡೆ ಬೆವರುತ್ತಿತ್ತು.

ಇದನ್ನು ನೋಡಿದ ಗಾರೆಯ ಮೇಸ್ತ್ರಿಯವರು ನಕ್ಕರು. ಅವರು ಬಡಗರ ಹಟ್ಟಿಯವರು. ಇಂಥ ಮನೆಗಳ ರಿಪೇರಿಯಲ್ಲಿಯೇ ತಲೆ ನರೆಸಿಕೊಂಡವರು. ‘ಮೇಷ್ಟ್ರೇ, ಬಾಯಿ ಮೂಗು ಎರಡೂ ಕಟ್ಟಿದ್ರೆ ಮನುಷ್ಯ ಬದುಕ್ತಾನಾ? ಇದೂ ಹಾಗೇ’ ಎಂದರು. ಎಷ್ಟೋ ವರ್ಷಗಳ ಹೊಗೆಯಿಂದ ಕೊಳವೆಯ ಒಳಮೈಗೆ ಇಲ್ಲಣವೂ ಜಿಡ್ಡೂ ಲವಣಗಳೂ ಹತ್ತಿರುತ್ತವೆ. ಆ ಲವಣಗಳು ಗಾಳಿಯಿಂದ ತೇವವನ್ನು ಹೀರಿಕೊಳ್ಳುವ ಜಾತಿಯವು. ನಮ್ಮ ಅಡಿಗೆಮನೆಯ ಹರಳುಪ್ಪು ಮಳೆಗಾಲದಲ್ಲಿ ಒದ್ದೆಯಾಗುವಂತೆ. ಇಟ್ಟಿಗೆಯ ಮೂಲಕ ಇಳಿದ ಮಳೆಯ ನೀರೂ, ಮನೆಯವರ ಉಸಿರಿನ ಮತ್ತು ಅಡುಗೆಯ ಆವಿಯೂ ಕೊಳವೆಯೊಳಗೆ ಸೇರಿ, ತಣ್ಣಗಿನ ಮೇಲ್ಭಾಗದಲ್ಲಿ ಹನಿಗಟ್ಟುತ್ತವೆ. ಒಂದಿಷ್ಟು ಗಾಳಿಯಾಡಿದರೆ ಅದೆಲ್ಲ ಆರಿಹೋಗುತ್ತದೆ. ಎರಡು ತುದಿಗಳನ್ನೂ ಬಿಗಿದರೆ ಒಳಗಿನ ತೇವಕ್ಕೆ ಗೋಡೆಯಲ್ಲದೆ ಬೇರೆ ದಾರಿಯಿಲ್ಲ.

ಆದುದರಿಂದ ಗಾಳಿಯನ್ನು ತಡೆಯಬೇಕು, ಆದರೆ ಪೂರ್ತಿಯಾಗಿ ತಡೆಯಬಾರದು. ಈ ಇಬ್ಬಂದಿಯಲ್ಲಿಯೇ ಕೆಲಸದ ಹದವೆಲ್ಲ ಅಡಗಿದೆ.

ಮೊದಲು ಉದ್ದನೆಯ ಕುಂಚದಿಂದ ಕೊಳವೆಗಳನ್ನು ಗುಡಿಸಿದೆವು. ಎರಡು ಮೂಟೆ ಇಲ್ಲಣ, ಮೂರು ಹಕ್ಕಿಗೂಡು, ಒಂದು ಒಣಗಿದ ಜೇನುಹುಟ್ಟು ಕೆಳಗೆ ಬಿದ್ದವು. ಅನಂತರ ಮೇಸ್ತ್ರಿಯವರು ಮಾಡಿನ ಮೇಲೇರಿ ಸಂದುಗಳ ಗಾರೆಯನ್ನು ಕೆರೆದು ಹೊಸದಾಗಿ ತುಂಬಿದರು. ಸಿಮೆಂಟು ಬೇಡ, ಸುಣ್ಣದ ಗಾರೆಯೇ ಆಗಬೇಕೆಂದು ಅವರ ಹಟ. ಹಳೆಯ ಇಟ್ಟಿಗೆ ಮೆತು, ಅದು ತೇವವನ್ನು ಒಳಗೂ ಹೊರಗೂ ಬಿಡುತ್ತದೆ. ಗಟ್ಟಿ ಸಿಮೆಂಟು ಅದರ ಉಸಿರು ಕಟ್ಟುತ್ತದೆ. ಮಾಡಿನ ತಗಡೂ ಚಿಮಣಿಯೂ ಕೂಡುವ ಜಾಗದಲ್ಲಿ ಹೊಸ ಪಟ್ಟಿ ಹೊಡೆದರು. ಸಿಮೆಂಟಿನ ಹಲಗೆಯನ್ನು ಕಿತ್ತು, ತುದಿಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಇಟ್ಟಿಗೆ ನಿಲ್ಲಿಸಿ, ಮೇಲೆ ಕಲ್ಲುಚಪ್ಪಡಿ ಹಾಸಿ, ಸುತ್ತ ತಂತಿಬಲೆ ಕಟ್ಟಿದರು. ಮಳೆ ಬೀಳದು, ಮೈನಾ ನುಗ್ಗದು, ಗಾಳಿಗೆ ಅಡ್ಡಿಯಿಲ್ಲ.

ಕೆಳಗಿನ ಕೆಲಸ ನಮ್ಮದು. ಅಗ್ಗಿಷ್ಟಿಕೆಯ ಮೇಲೆ ಕೊಳವೆ ಕಿರಿದಾಗುವ ಎಡೆಯೊಂದಿದೆ. ಅದನ್ನು ಚಿಮಣಿಯ ಗಂಟಲೆನ್ನಬಹುದು. ಆ ಅಳತೆಗೆ ಮರದ ಚೌಕಟ್ಟು ಮಾಡಿ, ಕುರಿಯ ಉಣ್ಣೆಯ ಕಂಬಳಿಯನ್ನು ನಾಲ್ಕಾರು ಮಡಿಕೆಯಾಗಿ ಅದಕ್ಕೆ ಹೊಲಿದು, ಬಿರಡೆಯಂತೆ ಮೇಲಕ್ಕೆ ಒತ್ತಿ ಕೂರಿಸಿದೆವು. ಉಣ್ಣೆ ತೇವವನ್ನು ಹೀರಿಯೂ ಬೆಚ್ಚಗಿರುತ್ತದೆ, ಮತ್ತೆ ಬಿಟ್ಟುಕೊಡುತ್ತದೆ. ಅದರ ಎಳೆಗಳ ನಡುವೆ ಒಂದಿಷ್ಟು ಗಾಳಿಯೂ ನುಸುಳುತ್ತದೆ. ಇಂಗ್ಲೆಂಡಿನಲ್ಲಿ ಈಗ ಉಣ್ಣೆಯ ಬಿರಡೆಗಳನ್ನೇ ಮಾಡಿ ಮಾರುತ್ತಾರೆ. ಕಂಬಳಿಯ ನಾಡಿನವರಾದ ನಮಗೆ ಅದನ್ನು ತರಿಸಿಕೊಳ್ಳುವ ಅಗತ್ಯ ಕಾಣಲಿಲ್ಲ. ಇಟ್ಟಿಗೆಯಿಂದಲೇ ಬಾಯಿ ಕಟ್ಟಿಸುವವರು ನಡುವೆ ತೂತುಗಳುಳ್ಳ ಒಂದು ಇಟ್ಟಿಗೆಯನ್ನು ಬಿಡಿಸುವುದನ್ನು ಮರೆಯಬಾರದು.

ಮೂರು ಚಿಮಣಿಗಳಿಗೆ ಹೀಗೆ ಬಿರಡೆ ಹಾಕುವುದೆಂದು ಗೊತ್ತಾಯಿತು. ನಾಲ್ಕನೆಯದು ನಮ್ಮ ತಾಯಿಯವರ ಕೋಣೆಯದು. ಅವರು ಗುಂಡ್ಲುಪೇಟೆಯ ಕಡೆಯವರು. ಬೆಳಕಿಂಡಿಯಿಂದ ಹೊಗೆ ಹೋಗುತ್ತಿದ್ದ ಅಡುಗೆಮನೆಯಲ್ಲಿ ಬೆಳೆದವರು. ಹೀಟರಿನ ಕಾವು ಅವರಿಗೆ ಕಾವೇ ಅಲ್ಲ. ‘ಕಣ್ಣಿಗೆ ಕಾಣದ ಬೆಂಕಿ ಮೈಗೆ ಹತ್ತೋದಿಲ್ಲ ಮಗಾ’ ಎನ್ನುವರು. ಮುಚ್ಚುವ ಮಾತೆತ್ತಿದಾಗ, ‘ಮುಚ್ಚಿಕೋ. ನನಗೊಂದು ಬಾಂಡಲಿಯಲ್ಲಿ ಇದ್ದಲ ಕೆಂಡ ತುಂಬಿ ಮಂಚದ ಹತ್ತಿರ ಇಟ್ಟುಬಿಡು, ಸಾಕು’ ಎಂದರು.

ಈ ಮಾತಿಗೆ ನಾವು ಬೆಚ್ಚಿದೆವು. ಬೆಟ್ಟದ ಊರುಗಳಲ್ಲಿ ಇಂಥ ಕೆಂಡದ ಬಾಂಡಲಿಯನ್ನು ಒಳಗಿಟ್ಟುಕೊಂಡು ಬಾಗಿಲು ಹಾಕಿ ಮಲಗಿದವರು ಮರುದಿನ ಏಳದೆ ಹೋದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಇದ್ದಲು ಹೊಗೆಯಾಡುವುದಿಲ್ಲ, ಅದೇ ಅದರ ಮೋಸ. ಗಾಳಿ ಸಾಲದೆ ಉರಿಯುವ ಕೆಂಡದಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿದ ಬಲದಿಂದ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು. ನಿದ್ದೆ ಬಂತೆಂದು ಮನುಷ್ಯ ತಿಳಿಯುತ್ತಾನೆ. ತೆರೆದ ಚಿಮಣಿ ಕಾವನ್ನು ಕದಿಯುವುದು ನಿಜವಾದರೂ, ಅಷ್ಟರ ಮಟ್ಟಿಗೆ ಕೆಟ್ಟ ಗಾಳಿಯನ್ನೂ ಹೊರಗೆ ಸಾಗಿಸುತ್ತಿರುತ್ತದೆ. ಅದನ್ನು ಮುಚ್ಚಿದ ಮನೆಯಲ್ಲಿ ಕೆಂಡವಿಡುವುದು ಮೊದಲಿಗಿಂತ ಹೆಚ್ಚು ಅಪಾಯ. ವಿದ್ಯಾರ್ಥಿಗಳು ಈ ಲೇಖನದಲ್ಲಿ ಬೇರೇನನ್ನು ಮರೆತರೂ ಇದೊಂದನ್ನು ಮನೆಯಲ್ಲಿ ಹೇಳಲಿ.

ತಾಯಿಯವರ ಕೋಣೆಯ ಅಗ್ಗಿಷ್ಟಿಕೆಯನ್ನು ಹಾಗೆಯೇ ಉಳಿಸುವುದೆಂದು ನಿಶ್ಚಯಿಸಿದೆವು. ಆದರೆ ಅದೂ ನಡುಮನೆಯ ಅಗ್ಗಿಷ್ಟಿಕೆಯೂ ಬೆನ್ನಿಗೆ ಬೆನ್ನು ಹಚ್ಚಿ ನಿಂತಿವೆ. ಹೊರಗೆ ಕಾಣುವ ಕಂಬ ಒಂದು, ಒಳಗೆ ಕೊಳವೆ ಎರಡು, ನಡುವೆ ತೆಳುವಾದ ಇಟ್ಟಿಗೆಯ ಅಡ್ಡಗೋಡೆ. ಮೇಸ್ತ್ರಿಯವರು ತಾಯಿಯವರ ಕೋಣೆಯಲ್ಲಿ ಹಸಿ ಸೊಪ್ಪು ಸುಟ್ಟು ಹೊಗೆಯೆಬ್ಬಿಸಿ, ನಮ್ಮನ್ನು ನಡುಮನೆಯಲ್ಲಿ ಕಾವಲಿಟ್ಟರು. ಸ್ವಲ್ಪ ಹೊತ್ತಿನಲ್ಲಿ ನಡುಮನೆಯ ಅಗ್ಗಿಷ್ಟಿಕೆಯಿಂದ ಹೊಗೆಯ ಎಳೆಯೊಂದು ಇಳಿಯಿತು. ಅಡ್ಡಗೋಡೆ ಎಲ್ಲಿಯೋ ಬಿರಿದಿತ್ತು. ಹಾಗೆಯೇ ಬಿಟ್ಟಿದ್ದರೆ ಒಂದು ಕೋಣೆಯ ಬೆಂಕಿಯ ವಿಷ ಇನ್ನೊಂದು ಕೋಣೆಯಲ್ಲಿ ಮಲಗಿದವರಿಗೆ ತಲುಪುತ್ತಿತ್ತು.

ಆ ಆಳದಲ್ಲಿ ಕೈಯಾಡಿಸಿ ಗೋಡೆ ಕಟ್ಟುವುದು ಆಗದ ಮಾತು. ಇದ್ದ ಉಪಾಯ ಒಂದೇ: ಮೇಲಿನಿಂದ ತುಕ್ಕು ಹಿಡಿಯದ ಉಕ್ಕಿನ ಕೊಳವೆಯನ್ನು ಇಳಿಬಿಡುವುದು. ಅದರ ಬೆಲೆ ಕೇಳಿ ತಾಯಿಯವರು, ‘ನಾನಿನ್ನೆಷ್ಟು ಚಳಿಗಾಲ ನೋಡಬೇಕು? ಬಿಸಿನೀರಿನ ಚೀಲ ಕೊಡು, ಹಣ ದಂಡ ಮಾಡಬೇಡ’ ಎಂದರು. ಮನೆಗೆ ಬಣ್ಣ ಬಳಿಸಲೆಂದು ಕೂಡಿಟ್ಟಿದ್ದ ಹಣವಿತ್ತು. ಬಣ್ಣವಿಲ್ಲದ ಮನೆಯಲ್ಲಿ ಇರಬಹುದು. ಇಷ್ಟು ವರ್ಷ ನಮ್ಮನ್ನು ಬೆಚ್ಚಗಿರಿಸಿದವರ ಕೈಗೆ ಸಂಜೆ ಎರಡು ಗಳಿಗೆಯ ಬೆಂಕಿ ಇಲ್ಲವೆನ್ನಲು ನಮಗೆ ಮನಸ್ಸು ಬರಲಿಲ್ಲ. ಕೊಳವೆ ಇಳಿಯಿತು. ಹೊಗೆಯ ಪರೀಕ್ಷೆಯನ್ನು ಮತ್ತೆ ಮಾಡಿ, ನಡುಮನೆ ಶುದ್ಧವಾಗಿದೆಯೆಂದು ಕಂಡ ಮೇಲೆಯೇ ಅಲ್ಲಿ ಕಂಬಳಿಯ ಬಿರಡೆ ಏರಿಸಿದೆವು. ಬೆಂಕಿ ಪೂರ್ತಿ ಆರಿ ಬೂದಿ ತಣ್ಣಗಾದ ಮೇಲೆ, ಬೆಳಗ್ಗೆ, ತಾಯಿಯವರ ಅಗ್ಗಿಷ್ಟಿಕೆಗೆ ಹಿಡಿಯುಳ್ಳ ಹಲಗೆಯೊಂದನ್ನು ಅಡ್ಡ ಇಡುತ್ತೇವೆ, ಸಂಜೆ ತೆಗೆಯುತ್ತೇವೆ.

ಮುಚ್ಚಿದ ಮೂರರ ಮುಂದೆಯೂ ಕನ್ನಡದಲ್ಲಿ ಮತ್ತು ತಮಿಳಿನಲ್ಲಿ ಬರೆದ ಚೀಟಿ ತೂಗುತ್ತಿದೆ: ‘ಮೇಲೆ ಮುಚ್ಚಿದೆ, ಇಲ್ಲಿ ಬೆಂಕಿ ಹಾಕಬೇಡಿ.’ ನಾಳೆ ಈ ಮನೆಗೆ ಬರುವವರು ಯಾರೋ, ಅವರಿಗೆ ಕಂಬಳಿಯ ಸಂಗತಿ ಹೇಗೆ ತಿಳಿಯಬೇಕು? ಓದುವ ಕೋಣೆಯ ಕಲೆ ಒಮ್ಮೆಲೇ ಮಾಯವಾಗಲಿಲ್ಲ. ಲವಣ ನುಂಗಿದ ಗಾರೆಯನ್ನು ಕೆತ್ತಿ ಹೊಸದಾಗಿ ಮೆತ್ತಿಸಬೇಕಾಯಿತು. ಈಗ ಎರಡು ಮಳೆಗಾಲ ಕಳೆದರೂ ಗೋಡೆ ಒಣಗಿಯೇ ಇದೆ.

ಪ್ರತಿವರ್ಷ ವೈಶಾಖದಲ್ಲಿ, ಮುಂಗಾರಿಗೆ ಮೊದಲು, ಬಿರಡೆಗಳನ್ನಿಳಿಸಿ ಬಿಸಿಲಿಗೆ ಹಾಕಿ ಕೊಳವೆಯನ್ನು ಕೈದೀಪದಿಂದ ನೋಡುತ್ತೇವೆ. ಕಳೆದ ಸಲ ಕಂಬಳಿ ಒಣಗಿತ್ತು, ಆದರೆ ನುಸಿಹುಳು ಒಂದು ಮೂಲೆಯನ್ನು ಜರಡಿಯಂತೆ ಮಾಡಿತ್ತು. ತಾಯಿಯವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಸೂಜಿ ದಾರ ತರಲು ಹೇಳಿದರು.