ಔಟ್ ತೆಗೆಯುವ ಕೈ

ಬೆಳಗಾವಿಯ ಕಿರ್ಲೋಸ್ಕರ್ ರಸ್ತೆಯಲ್ಲಿ ಹಬ್ಬದ ಖರೀದಿಗೆಂದು ಮೈಗೆ ಮೈ ತಾಗಿಸಿಕೊಂಡು ನಡೆಯುವ ಜನರಿಗೆ ಆ ಹೆಸರು ಕೇಳಿದರೆ ನೆನಪಾಗುವುದು ನೀರೆತ್ತುವ ಪಂಪು, ಇಲ್ಲವೇ ಡೀಸೆಲ್ ಎಂಜಿನ್ನು. ಸೈಕಲ್ ಅಂಗಡಿ ಎಂದರೆ ಹುಬ್ಬೇರಿಸುತ್ತಾರೆ. ಆದರೆ ಆ ಮನೆತನದ ಉದ್ಯಮ ಶುರುವಾದದ್ದು ಇದೇ ಊರಿನಲ್ಲಿ ಸೈಕಲ್ ಮಾರುತ್ತ, ರಿಪೇರಿ ಮಾಡುತ್ತ. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದವರು. ಅಣ್ಣನ ಜೊತೆಗೂಡಿ ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರಕ್ಕೆ ಕೈಹಾಕಿದರು. ಕಿರ್ಲೋಸ್ಕರ್ ಬ್ರದರ್ಸ್ ಇವತ್ತಿಗೂ ತನ್ನ ಹುಟ್ಟುವರ್ಷವೆಂದು ಎಣಿಸುವುದು ಆ ವ್ಯಾಪಾರದ 1888ನ್ನೇ. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಎಲ್ಲ ಆಮೇಲಿನವು. ಜಾಗ ಖಾಲಿ ಮಾಡಿ ಎಂದು ಪುರಸಭೆ ಹೇಳಿದಾಗ ಅವರು ಔಂಧ್ ಸಂಸ್ಥಾನದ ದೊರೆ ಕೊಟ್ಟ ಬರಡು ನೆಲಕ್ಕೆ ಹೋಗಿ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಬೆಳಗಾವಿಗೆ ದಕ್ಕಿದ್ದು ರಸ್ತೆಯ ಹೆಸರು.

ಆ ಹೆಸರಿನ ಹಿಂದಿನ ಕಸುಬು ಮಾತ್ರ ಊರು ಬಿಟ್ಟು ಹೋಗಿರಲಿಲ್ಲ. ನಾನು ಅದನ್ನು ಕಲಿತದ್ದು ಎಂಬತ್ತರ ದಶಕದಲ್ಲಿ, ಶಹಾಪುರದ ಕಡೆಯ ಒಂದು ಅಂಗಡಿಯಲ್ಲಿ. ಮುಂದೆ ಹೊಸ ಸೈಕಲ್ ಮಾರಾಟ, ಹಿಂದೆ ರಿಪೇರಿ. ಬೋರ್ಡಿನಲ್ಲಿ ‘ಸೈಕಲ್ ಮಾರ್ಟ್’ ಎಂದಿದ್ದರೂ ಸೈಕಲ್ ಅನ್ನುವ ವಸ್ತು ಅಂಗಡಿಗೆ ಬರುತ್ತಲೇ ಇರಲಿಲ್ಲ. ಬರುತ್ತಿದ್ದದ್ದು ತುಂಡುಗಳು. ಕಾಗದ ಸುತ್ತಿದ ಫ್ರೇಮುಗಳು, ಕಟ್ಟು ಕಟ್ಟಿದ ರಿಮ್ಮುಗಳು, ಪೊಟ್ಟಣದಲ್ಲಿ ತಾರುಗಳು, ಎಣ್ಣೆ ಮೆತ್ತಿದ ಹಬ್ಬುಗಳು. ಅಟ್ಲಾಸ್ ಇರಲಿ, ಹೀರೋ ಇರಲಿ, ಹರ್ಕ್ಯುಲಿಸ್ ಇರಲಿ, ಅದನ್ನು ಸೈಕಲ್ ಮಾಡುತ್ತಿದ್ದವನು ಅಂಗಡಿಯ ಮಿಸ್ತ್ರಿ. ಮುಂದಿನ ಗಾಲಿಗೆ 32 ತಾರು, ಹಿಂದಿನದಕ್ಕೆ 40. ಹಿಂದಿನ ಹಬ್ಬಿಗೆ ಕಾಲಿಂಚಿನ ಛರ್ರೆ, ಅಂದರೆ ಉಕ್ಕಿನ ಗುಂಡು, ಒಂದೊಂದು ಬದಿಗೆ ಒಂಬತ್ತು, ಎರಡು ಪೆಡಲುಗಳ ನಡುವಿನ ಬಟ್ಟಲಿಗೆ ಹನ್ನೊಂದು. ಒಂದು ಹೆಚ್ಚು ತುರುಕಿದರೆ ಬಿಗಿ, ಒಂದು ಕಡಿಮೆಯಾದರೆ ಗಡಗಡ. ನನಗೆ ಕೆಲಸ ಕಲಿಸಿದ ಉಸ್ತಾದರು ಎಣಿಸುತ್ತಿರಲಿಲ್ಲ. ಗ್ರೀಸ್ ಹಚ್ಚಿದ ಬೆರಳನ್ನು ಡಬ್ಬಿಯಲ್ಲಿ ಅದ್ದಿ ಮೇಲೆತ್ತಿದರೆ ಬೇಕಾದಷ್ಟೇ ಛರ್ರೆ ಅಂಟಿಕೊಂಡು ಬರುತ್ತಿದ್ದವು.

ಅವರು ಮನೆಯಲ್ಲಿ ಉರ್ದು, ಗಿರಾಕಿಗಳ ಜೊತೆ ಮರಾಠಿ, ನಮ್ಮನ್ನು ಬೈಯಲು ಕನ್ನಡ. ಗಡಿಯ ಜಗಳ ಊರ ಚೌಕದಲ್ಲಿ ಎಷ್ಟೇ ಕಾವೇರಿರಲಿ, ಪಾನಾ, ಪಕ್ಕಡ, ಕಾನಸ, ಹಾತೋಡಿ ಎಂಬ ಹತ್ಯಾರಗಳ ಹೆಸರು ಯಾವ ಭಾಷೆಯವು ಎಂದು ಅಂಗಡಿಯೊಳಗೆ ಯಾರೂ ಕೇಳಿದ್ದಿಲ್ಲ. ಬರುವವರೂ ಹಾಗೇ ಎಲ್ಲ ಬಗೆಯವರು. ವಡಗಾವಿ, ಖಾಸಬಾಗದ ನೇಕಾರರು. ಉದ್ಯಮಬಾಗದ ಪಾಳಿಗೆ ಹೊರಟ ಕೆಲಸಗಾರರು. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರದಿಂದ ಬರುವ ಜವಾನರು. ಕ್ಯಾರಿಯರಿನ ಎರಡೂ ಬದಿಗೆ ಕ್ಯಾನು ತೂಗುಹಾಕಿಕೊಂಡು ಬೆಳಕು ಹರಿಯುವ ಮುಂಚೆ ಹಳ್ಳಿಗಳಿಂದ ಬರುವ ಹಾಲಿನವರು. ಹಾಲಿನವರ ಹಿಂದಿನ ಗಾಲಿ ವಾರಕ್ಕೊಮ್ಮೆಯಾದರೂ ನಮ್ಮ ಕೈಗೆ ಬರಲೇಬೇಕು. ಅಷ್ಟು ಭಾರ ಹೊತ್ತ ರಿಮ್ಮು ನೆಟ್ಟಗೆ ಇರುವುದುಂಟೇ?

ಅದನ್ನು ನೆಟ್ಟಗೆ ಮಾಡುವುದಕ್ಕೆ ಔಟ್ ತೆಗೆಯುವುದು ಅನ್ನುತ್ತಿದ್ದೆವು. ಕಸುಬಿನ ಅಸಲಿ ಪರೀಕ್ಷೆ ಅದು. ಪಂಚರ್ ತಿದ್ದುವುದನ್ನು ಹತ್ತು ವರ್ಷದ ಹುಡುಗನೂ ಕಲಿಯುತ್ತಿದ್ದ. ಬೋಗುಣಿಯ ನೀರಲ್ಲಿ ಟ್ಯೂಬ್ ಮುಳುಗಿಸಿ ಗುಳ್ಳೆ ನೋಡುವುದು, ಪಾಲಿಶ್ ಕಾಗದದಿಂದ ತಿಕ್ಕುವುದು, ಸೊಲ್ಯೂಷನ್ ಹಚ್ಚಿ ಒಣಗುವ ತನಕ ಸುಮ್ಮನಿರುವುದು. (ಆ ಸುಮ್ಮನಿರುವುದೇ ಹುಡುಗರಿಗೆ ಕಷ್ಟ.) ಔಟ್ ತೆಗೆಯುವುದು ಬೇರೆ ಮಾತು. ಹಳೆಯ ಫೋರ್ಕ್ ಒಂದನ್ನು ತಲೆಕೆಳಗಾಗಿ ಬೆಂಚಿಗೆ ಬಿಗಿದಿರುತ್ತಿತ್ತು. ಅದರಲ್ಲಿ ಗಾಲಿ ಕೂರಿಸಿ ತಿರುಗಿಸಿ, ರಿಮ್ಮಿನ ಹತ್ತಿರ ಚಾಕ್ ಹಿಡಿಯಬೇಕು. ರಿಮ್ಮು ಎಲ್ಲಿ ವಾಲಿದೆಯೋ ಅಲ್ಲಿ ಬಿಳಿ ಗೀರು ಬೀಳುತ್ತದೆ. ಗೀರು ಬಿದ್ದ ಬದಿಯ ತಾರು ಸಡಿಲಿಸಿ, ಎದುರು ಬದಿಯದನ್ನು ಬಿಗಿಮಾಡಬೇಕು. ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ಉಬ್ಬುತ್ತದೆ, ಅದನ್ನು ಒತ್ತಿದರೆ ಗಾಲಿ ಮೊಟ್ಟೆಯಾಕಾರಕ್ಕೆ ಬರುತ್ತದೆ. ಅವಸರದವನು ಇಡೀ ದಿನ ಗೀರುಗಳ ಹಿಂದೆ ಓಡುತ್ತಾನೆ.

ಉಸ್ತಾದರು ಚಾಕ್ ಹಿಡಿಯುತ್ತಿದ್ದದ್ದು ನಮಗೆ ತೋರಿಸಲಿಕ್ಕೆ ಮಾತ್ರ. ತಾವೇ ಮಾಡುವಾಗ ಹೆಬ್ಬೆರಳ ಉಗುರನ್ನು ರಿಮ್ಮಿಗೆ ತಾಗಿಸಿಟ್ಟು, ಇನ್ನೊಂದು ಕೈಯಲ್ಲಿ ತಾರುಗಳನ್ನು ತಂಬೂರಿಯ ತಂತಿಯಂತೆ ಮೀಟುತ್ತ ಹೋಗುತ್ತಿದ್ದರು. ಸಡಿಲಾದದ್ದು ಮಂದ್ರದಲ್ಲಿ ನುಡಿಯುತ್ತದೆ, ಅತಿ ಬಿಗಿಯಾದದ್ದು ಕಿರುಚುತ್ತದೆ. “ಕಣ್ಣೀಲೆ ನೋಡಬ್ಯಾಡ, ಕಿವಿ ಕೊಡು” ಅನ್ನುತ್ತಿದ್ದರು. ಪೆಡಲ್ ತುಳಿದಾಗೊಮ್ಮೆ ಟಕ್ ಅಂದರೆ ಪೆಡಲಿನ ತೋಳು ಬಿಗಿಯುವ ಕಾಟರ್ ಪಿನ್. ಗಾಲಿ ಸುತ್ತಿದಾಗೊಮ್ಮೆ ಟಕ್ ಅಂದರೆ ಹಬ್ಬು. ತುಳಿದರೂ ಗಾಲಿ ತಿರುಗದೆ ಚೈನು ಬರಿದೇ ಓಡಿದರೆ ಫ್ರೀವ್ಹೀಲಿನ ಕುತ್ತಾ, ಅಂದರೆ ಹಲ್ಲಿಗೆ ಕಚ್ಚುವ ನಾಲಿಗೆ, ಸವೆದಿದೆ. ಗಿರಾಕಿ ಅಂಗಡಿಯ ಮುಂದೆ ಇಳಿಯುವ ಮೊದಲೇ ರೋಗ ಗೊತ್ತಾಗಿರುತ್ತಿತ್ತು.

ಖಾನಾಪುರದ ಮಿಸ್ತ್ರಿಗಳ ಮುಂದೆ ಮಾತ್ರ ಬೆಳಗಾವಿಯವರ ಜಂಬ ನಡೆಯುತ್ತಿರಲಿಲ್ಲ. ಪೀರನವಾಡಿ, ಮಚ್ಛೆ ದಾಟಿ ಸುಮಾರು 25 ಕಿಲೋಮೀಟರ್ ಹೋದರೆ ಸಿಗುವ ಊರು ಅದು. ಆದರೆ ಮಳೆ ಬೇರೆ, ಮಣ್ಣು ಬೇರೆ. ಮಲಪ್ರಭೆ ಹುಟ್ಟುವ ಕಣಕುಂಬಿ ಅದೇ ತಾಲೂಕಿನದು. ಅಲ್ಲಿನ ಮಳೆಗಾಲದಲ್ಲಿ ಸೈಕಲ್ ಬದುಕುಳಿಯುವುದೇ ಒಂದು ಪವಾಡ. ಹಂಚಿಗೂ ಮಡಕೆಗೂ ಹೆಸರಾದ ಖಾನಾಪುರದ ಕೆಂಪು ಜೇಡಿ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಗಟ್ಟಿಯಾಗಿ ಮೆತ್ತಿಕೊಂಡರೆ ಗಾಲಿ ತಿರುಗುವುದೇ ಇಲ್ಲ. ಅರ್ಧ ದಾರಿಯಲ್ಲಿ ಕಡ್ಡಿ ಹುಡುಕಿ ಕೆರೆಯಬೇಕು, ಇಲ್ಲವೇ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕು. ನೀರು ಹಬ್ಬಿನೊಳಗೆ ಇಳಿದು ಗ್ರೀಸನ್ನು ತೊಳೆದು ಹಾಕುತ್ತದೆ, ಛರ್ರೆಗಳು ಒಣಗಿ ತುಕ್ಕು ಹಿಡಿದು ಬಟ್ಟಲನ್ನೇ ಕೊರೆಯುತ್ತವೆ. ಹಾಗಾಗಿ ಅಲ್ಲಿ ವರ್ಷಕ್ಕೆ ಎರಡು ಸುಗ್ಗಿ. ಮೃಗಶಿರಾ ಮಳೆಗೆ ಮುಂಚೆ ಒಂದು, ಸೈಕಲ್ಲನ್ನು ನಟ್ಟು ನಟ್ಟು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಗ್ರೀಸ್ ತುಂಬಲು. ದಸರೆಗೆ ಇನ್ನೊಂದು, ಮಳೆ ತಿಂದು ಬಿಟ್ಟದ್ದನ್ನು ತಿದ್ದಲು. ಹತ್ಯಾರಗಳಿಗೆ ಪೂಜೆಯಾಗುವ ಖಂಡೇಪೂಜೆಯ ದಿನ ಪಾನಾ ಮುಟ್ಟುವಂತಿಲ್ಲ. ಆ ದಿನದೊಳಗೆ ಎಲ್ಲರ ಸೈಕಲ್ಲೂ ಚೆಂಡುಹೂವಿಗೆ ತಯಾರಾಗಿರಬೇಕು. ನಂದಗಡದ ಕಡೆಯವರು, ಹಲಸಿಯ ಕಡೆಯವರು ರಿಪೇರಿಗೆ ಸೈಕಲ್ ಬಿಟ್ಟು ರೈಲು ಹಿಡಿದು ಬೆಳಗಾವಿಗೆ ಹೋಗಿ, ಸಂಜೆ ವಾಪಸು ಬಂದು ಒಯ್ಯುತ್ತಿದ್ದರು. ದುಡ್ಡು ಕೆಲವರದು ಭತ್ತ ಬಂದ ಮೇಲೆ.

ಕಾಟರ್ ಪಿನ್ನಿಗೆ ಕಾನಸ ಹಿಡಿಯುವುದನ್ನು ನಾನು ಚೆನ್ನಾಗಿ ನೋಡಿದ್ದು ಖಾನಾಪುರದ ಒಂದು ಅಂಗಡಿಯಲ್ಲೇ. ಪಿನ್ನಿನ ಚಪ್ಪಟೆ ಮುಖವನ್ನು ಕೂದಲೆಳೆಯಷ್ಟು ಓರೆಯಾಗಿ ಉಜ್ಜಿದರೂ ಎರಡು ಪೆಡಲು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ತುಳಿಯುವವನ ಒಂದು ಕಾಲು ಕುಂಟುತ್ತದೆ. ಉಜ್ಜಿ, ತೂರಿಸಿ, ತೆಗೆದು, ಮಸಿ ಗುರುತು ನೋಡಿ, ಮತ್ತೆ ಉಜ್ಜುವ ಆ ಕೆಲಸಕ್ಕೆ ಫಿಟ್ಟರ್ ಎಂಬ ಹೆಸರು ಕಾರ್ಖಾನೆಯಲ್ಲಿ ಸಿಗುತ್ತದೆ, ಸಂಬಳವೂ ಸಿಗುತ್ತದೆ. ಸೈಕಲ್ ಅಂಗಡಿಯಲ್ಲಿ ಎಂಟಾಣೆ ಸಿಗುತ್ತಿತ್ತು. ಅದಕ್ಕೇ ಚುರುಕು ಕೈಯ ಹುಡುಗರು ಮೀಸೆ ಮೂಡುವ ಹೊತ್ತಿಗೆ ಉದ್ಯಮಬಾಗದ ಲೇಥಿಗೂ ಫೌಂಡ್ರಿಗೂ ಹೋಗಿಬಿಡುತ್ತಿದ್ದರು. ಯಾವ ಪ್ರಮಾಣಪತ್ರವೂ ಇಲ್ಲದೆ ಬೆಳಗಾವಿಗೆ ಲೋಹದ ಗುಣ ತಿಳಿದ ಕೈಗಳನ್ನು ಒದಗಿಸಿದ ಶಾಲೆ ಈ ಅಂಗಡಿಗಳೇ ಎಂಬುದು ನನ್ನ ಗಟ್ಟಿ ನಂಬಿಕೆ. ಇವತ್ತು ನಮ್ಮ ಜಿಲ್ಲೆಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ, ಊರಿಗೆ ಹೆಮ್ಮೆ. 1903ರಲ್ಲಿ ಮೊದಲ ವಿಮಾನ ಹಾರಿಸಿದ ರೈಟ್ ಸಹೋದರರು ಡೇಟನ್ನಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು, ಅವರ ವಿಮಾನದ ಪಂಖಗಳನ್ನು ತಿರುಗಿಸಿದ್ದು ಚೈನು ಎಂಬುದನ್ನು ಅಲ್ಲಿನ ಎಂಜಿನಿಯರುಗಳಿಗೆ ಯಾರಾದರೂ ಹೇಳಬೇಕು.

ನಾನು ಕಲಿತ ಅಂಗಡಿ ಹೇಗೆ ಹೋಯಿತು ಅನ್ನುವುದರಲ್ಲಿ ಗುಟ್ಟೇನಿಲ್ಲ. ಸೈಕಲ್ ಮಾರಿ ದೊಡ್ಡದಾದ ಹೀರೋ ಮನೆತನವೇ 1984ರಲ್ಲಿ ಬೈಕ್ ಮಾಡಲು ಹೋಂಡಾ ಜೊತೆ ಸೇರಿತು. ಹಾಲಿನವರು ಮೊದಲು ಹೋದರು, ಆಮೇಲೆ ಪಾಳಿಯ ಕೆಲಸಗಾರರು. ತಾಸಿನ ಬಾಡಿಗೆಗೆ ಸೈಕಲ್ ಒಯ್ದು ಫ್ರೇಮಿನ ಸಂದಿಯಲ್ಲಿ ಕಾಲು ತೂರಿಸಿ ಕೈಂಚಿ ಹೊಡೆಯುತ್ತಿದ್ದ ಹುಡುಗರನ್ನು ಶಾಲೆಯ ಬಸ್ಸು ಕರೆದುಕೊಂಡು ಹೋಯಿತು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ ಹಳ್ಳಿಯ ಮಿಸ್ತ್ರಿಗಳಿಗೆ ಸ್ವಲ್ಪ ಜೀವ ಬಂತು. ಕೊರೊನಾದ ಹೊತ್ತಿಗೆ ಅದೂ ನಿಂತಿತು. ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ಬಾಗಿಲು ಹಾಕಿತು. ಆ ದಿನ ವಿಶ್ವ ಸೈಕಲ್ ದಿನ. ಇಂಥ ವ್ಯಂಗ್ಯವನ್ನು ಕತೆಯಲ್ಲಿ ಬರೆದರೆ ಅತಿಯಾಯಿತು ಅನ್ನುತ್ತಾರೆ.

ಸೈಕಲ್ಲೇನೂ ಮಾಯವಾಗಿಲ್ಲ. ಟಿಳಕವಾಡಿಯಲ್ಲಿ ಮುಂಜಾನೆ ಹೆಲ್ಮೆಟ್ ಹಾಕಿ ಹೊರಡುವವರ ಗೇರಿನ ಸೈಕಲ್ ಒಂದೊಂದು ನಮ್ಮ ಕಾಲದ ಇಡೀ ಅಂಗಡಿಯ ಬೆಲೆಯದು. ಅದರ ಬೇರಿಂಗು ಮುಚ್ಚಿದ ಡಬ್ಬಿ; ಕೆಟ್ಟರೆ ತೆಗೆದು ಇನ್ನೊಂದು ಹಾಕುತ್ತಾರೆ. ಒಳಗೆ ಏನಿದೆ ಎಂದು ನೋಡುವ ಹಕ್ಕು ಮಾಲೀಕನಿಗೂ ಇಲ್ಲ, ಮೆಕ್ಯಾನಿಕ್ಕಿಗೂ ಇಲ್ಲ. ನನಗೆ ಬೇಸರ ಅದರ ಬಗ್ಗೆ. ನಮ್ಮ ಕರಿ ಸೈಕಲ್ಲಿನಲ್ಲಿ ಬಿಚ್ಚಲಾಗದ್ದು ಒಂದೂ ಇರಲಿಲ್ಲ.

ಖಾನಾಪುರದ ಆ ಅಂಗಡಿಯಲ್ಲಿ ಈಗ ಬೈಕಿನ ಪಂಚರ್ ಜಾಸ್ತಿ. ಈಚೆಗೆ ಹೋದಾಗ ಒಬ್ಬ ರೈತ ಬಾಗಿದ ಹಿಂದಿನ ಗಾಲಿ ಹಿಡಿದು ಬಂದಿದ್ದ. ಮಿಸ್ತ್ರಿಯ ಮಗ ಗಾಲಿಯನ್ನು ಒಮ್ಮೆ ತಿರುಗಿಸಿ ನೋಡಿ, ಔಟ್ ತೆಗೆಯಲು ಅರ್ಧ ತಾಸು, ನೂರು ರೂಪಾಯಿ ಅಂದ. “ನೂರಾ? ಇನ್ನಷ್ಟು ಹಾಕಿದ್ರ ಹೊಸಾ ರಿಮ್ಮ ಬರ್ತೈತಲ್ಲೋ” ಅಂದ ರೈತ. ಲೆಕ್ಕ ಸರಿಯಾಗಿಯೇ ಇತ್ತು. ಹುಡುಗ ವಾದಕ್ಕೆ ಇಳಿಯದೆ ಹೊಸ ರಿಮ್ಮಿನ ಕಟ್ಟು ಬಿಚ್ಚಿದ. ಒಳಗೆ ಕೂತಿದ್ದ ಅವನಪ್ಪ ತಾರಿನ ಪಾನಾ ಕೊಡು ಎಂದು ಕೈ ಚಾಚಿದ, ಹೊಸ ರಿಮ್ಮಿಗೂ ನಲವತ್ತು ತಾರು ಹಾಕಿ ಔಟ್ ತೆಗೆಯಲೇಬೇಕಲ್ಲ.