ಆ ಸೀನು ಎಲ್ಲಿ ಹೋಯಿತು?

ಸೋಮವಾರ, ಯಡಿಯೂರು. ಬೆಳಿಗ್ಗೆ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ‘ಶೋಲೆ’ ಸಿನಿಮಾದ ಮಾತು ಬಂತು. ಕೊನೆಯಲ್ಲಿ ಠಾಕೂರ್ ದರೋಡೆಕೋರ ಗಬ್ಬರ್ ಸಿಂಗನನ್ನು ತುಳಿದೇ ಕೊಲ್ಲುತ್ತಾನೆ ಅಂತ ತೆಂಗಿನಕಾಯಿ ವ್ಯಾಪಾರದ ಅಣ್ಣ ಹೇಳಿದರು. ‘ಶೂ ಅಡೀಲಿ ಮೊಳೆ ಇತ್ತು, ನನ್ನ ಕಣ್ಣಾರೆ ನೋಡಿವ್ನಿ ಕಣಪ್ಪ.’ ಪಕ್ಕದಲ್ಲಿದ್ದ ಹುಡುಗ ಫೋನಿನಲ್ಲಿ ಸಿನಿಮಾ ಹಾಕಿ ಕೊನೆಗೆ ಓಡಿಸಿದ. ಪೊಲೀಸರು ಬಂದು ಠಾಕೂರನನ್ನು ತಡೆಯುತ್ತಾರೆ, ಗಬ್ಬರ್ ಸಾಯುವುದಿಲ್ಲ. ಎಲ್ಲರೂ ನಕ್ಕರು. ಅಣ್ಣ ಅರ್ಧ ಕಾಫಿ ಬಿಟ್ಟು ಎದ್ದು ಹೋದರು.

ಅರವತ್ತು ದಾಟಿದ ಮನುಷ್ಯ, ಕಾಯಿ ಎಣಿಸುವಾಗ ಒಂದೂ ತಪ್ಪದವರು. ಇಷ್ಟು ಖಚಿತವಾಗಿ ಸುಳ್ಳು ಹೇಳುವುದಕ್ಕೆ ಅವರಿಗೇನು ಬಂದಿದೆ?

ಮಂಗಳವಾರ. ಹುಡುಕಿದೆ. ಅಣ್ಣ ಹೇಳಿದ್ದು ನಿಜ. ಹುಡುಗ ತೋರಿಸಿದ್ದೂ ನಿಜ.

‘ಶೋಲೆ’ ಕಥೆಯ ಊರು ರಾಮಗಢವನ್ನು ಕಟ್ಟಿದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ಕುಣಿಗಲ್ಲಿನಿಂದ ಮಾಗಡಿ ದಾಟಿದರೆ ರಾಮನಗರ. 1973ರ ಅಕ್ಟೋಬರಿನಲ್ಲಿ ಶೂಟಿಂಗ್ ಶುರುವಾಯಿತು. ಮೊದಲು ತೆಗೆದಿದ್ದ ಅಂತ್ಯದಲ್ಲಿ ಠಾಕೂರ್ ಮೊಳೆಯ ಶೂನಿಂದ ಗಬ್ಬರ್‌ನನ್ನು ಕೊಂದೇ ಬಿಡುತ್ತಾನೆ. ಆದರೆ ಸಿನಿಮಾ ಸೆನ್ಸಾರ್ ಮುಂದೆ ಹೋದಾಗ ತುರ್ತು ಪರಿಸ್ಥಿತಿಯ ಕಾಲ. ಪೊಲೀಸ್ ಅಧಿಕಾರಿಯಾಗಿದ್ದವನೇ ಕಾನೂನು ಕೈಗೆ ತೆಗೆದುಕೊಳ್ಳುವುದನ್ನು ಮಂಡಳಿ ಒಪ್ಪಲಿಲ್ಲ. ಅಂತ್ಯವನ್ನು ಮತ್ತೆ ಚಿತ್ರೀಕರಿಸಿದರು. 1975ರ ಆಗಸ್ಟ್ 15ರಂದು ತೆರೆ ಕಂಡದ್ದು ಪೊಲೀಸರು ಬರುವ ಸಿನಿಮಾ.

ಹಾಗಾದರೆ ಅಣ್ಣ ಕೊಲೆಯ ಸೀನನ್ನು ನೋಡಿದ್ದು ಎಲ್ಲಿ?

ಬುಧವಾರ. ಅವರ ಮಂಡಿಗೇ ಹೋಗಿ ಕೇಳಿದೆ. ಮೊದಲು ‘ಟೆಂಟಿನಲ್ಲಿ’ ಅಂದರು. ಯಾವ ಟೆಂಟು, ಜೊತೆಗೆ ಯಾರಿದ್ದರು, ಎಲ್ಲಿ ಕೂತಿದ್ದಿರಿ ಅಂತ ಒಂದೊಂದಾಗಿ ಕೇಳುತ್ತಾ ಹೋದೆ. ಚಾಪೆಯ ಮೇಲೆ ಕೂತಿದ್ದೆವು ಅಂದರು. ಚಾಪೆ ಅಂದಮೇಲೆ ಅಂಗಳ ನೆನಪಾಯಿತು, ಅಂಗಳ ಅಂದಮೇಲೆ ಚಪ್ಪರ. ತಂಗಿಯ ಮದುವೆಯ ಹಿಂದಿನ ರಾತ್ರಿ, 1992ರಲ್ಲಿ, ಕುಣಿಗಲ್ಲಿನಿಂದ ಬಾಡಿಗೆಗೆ ಟಿ.ವಿ., ವಿ.ಸಿ.ಪಿ. ತಂದು ಬೆಳಗಿನವರೆಗೆ ಮೂರು ಸಿನಿಮಾ ಹಾಕಿಸಿದ್ದರಂತೆ. ಶೋಲೆ ಕೊನೆಯದು. ‘ಅಡಿಗೆಯವರು ಒಲೆ ಹಚ್ಚೋ ಹೊತ್ತಿಗೆ ಗಬ್ಬರ್ ಸತ್ತ’ ಅಂದರು.

ಲೆಕ್ಕ ಸರಿಹೋಯಿತು. ಕತ್ತರಿ ಬೀಳದ ಶೋಲೆ 1990ರಲ್ಲಿ ಬ್ರಿಟನ್ನಿನಲ್ಲಿ ವಿ.ಎಚ್.ಎಸ್. ಕ್ಯಾಸೆಟ್ಟಾಗಿ ಹೊರಬಂದಿತ್ತು. ಅದರ ನಕಲಿನ ನಕಲು ಯಾವ್ಯಾವ ಕೈ ದಾಟಿ ಕುಣಿಗಲ್ಲಿನ ವಿಡಿಯೊ ಅಂಗಡಿಗೆ ಬಂತೋ, ಬಂದಿರಬೇಕು. ಥಿಯೇಟರಿನಲ್ಲಿದ್ದ ಸೀನು ಮನೆಯ ಕ್ಯಾಸೆಟ್ಟಿನಲ್ಲಿ ಇಲ್ಲ ಎಂಬ ದೂರು ಎಲ್ಲ ಕಡೆಯದು. ಇಲ್ಲಿ ಥಿಯೇಟರಿನಲ್ಲಿ ಇಲ್ಲದ್ದೇ ಚಪ್ಪರದ ಕೆಳಗಿನ ಟಿ.ವಿ.ಯಲ್ಲಿ ಸಿಕ್ಕಿತು. ಆಮೇಲೆ ಡಿ.ವಿ.ಡಿ.ಯೂ ಎರಡು ಬಗೆಯಾಗಿ ಬಂತು, ಒಂದು 204 ನಿಮಿಷ, ಇನ್ನೊಂದು 198. ಅಂಗಡಿಯಲ್ಲಿ ಯಾವುದು ಕೈಗೆ ಸಿಕ್ಕಿತೋ ಆ ಮನೆಯವರಿಗೆ ಅದೇ ಶೋಲೆ.

ಇನ್ನೊಂದು ಗೊತ್ತಾಯಿತು. ಆ ಸಿನಿಮಾಕ್ಕೆ ಧ್ವನಿಮುದ್ರಿಸಿದ ಕವ್ವಾಲಿಯೊಂದು ಗ್ರಾಮಫೋನ್ ತಟ್ಟೆಯಲ್ಲಿದೆ, ಸಿನಿಮಾದಲ್ಲಿ ಇಲ್ಲ. ಸಿನಿಮಾದ ಡೈಲಾಗುಗಳ ತಟ್ಟೆಯೂ ಬಂದು ದೇಶವೆಲ್ಲ ಮಾರಾಟವಾಗಿತ್ತು. ಕಿವಿಯಲ್ಲಿ ಕೇಳಿದ್ದಕ್ಕೆ ಮನಸ್ಸು ತಾನೇ ಚಿತ್ರ ಕಟ್ಟಿಕೊಳ್ಳುತ್ತದೆ. ಇಪ್ಪತ್ತು ವರ್ಷ ಕಳೆದ ಮೇಲೆ ನೋಡಿದ್ದು ಯಾವುದು, ಕೇಳಿದ್ದು ಯಾವುದು?

ಗುರುವಾರ. ಅಟ್ಟದ ಮೇಲಿನ ಬಿಸ್ಕೆಟ್ ಡಬ್ಬಿ ಇಳಿಸಿದೆ. ಚಿಕ್ಕವನಿದ್ದಾಗ ಸಿದ್ಧಲಿಂಗೇಶ್ವರನ ಜಾತ್ರೆಯಲ್ಲಿ ಕೊಂಡ ಫಿಲ್ಮಿನ ತುಂಡುಗಳು ಅದರಲ್ಲಿವೆ. ಅವನ್ನು ಬಿಡಿಯಾಗಿ ಮಾರುತ್ತಿದ್ದರು. ಸುಟ್ಟುಹೋದ ಬಲ್ಬಿನ ಹೊಟ್ಟೆ ತೆಗೆದು ನೀರು ತುಂಬಿ, ಕನ್ನಡಿಯಿಂದ ಬಿಸಿಲು ಹಾಯಿಸಿ, ಹಟ್ಟಿಯ ಕತ್ತಲೆ ಗೋಡೆಯ ಮೇಲೆ ಬಿಡುತ್ತಿದ್ದೆವು. ಚಿತ್ರ ತಲೆಕೆಳಗಾಗಿ ಬೀಳುತ್ತಿದ್ದರಿಂದ ಫಿಲ್ಮನ್ನೇ ತಿರುಗಿಸಿ ಹಿಡಿಯಬೇಕಿತ್ತು.

ಒಂದು ತುಂಡನ್ನು ಕಿಟಕಿಗೆ ಹಿಡಿದು ನೋಡಿದೆ. ಒಂಬತ್ತು ಚೌಕ. ಪ್ರತಿ ಚೌಕದ ಎರಡೂ ಅಂಚಿಗೆ ನಾಲ್ಕು ನಾಲ್ಕು ತೂತು. ಒಂದು ಬದಿಯಲ್ಲಿ ಉದ್ದಕ್ಕೂ ನಡುಗಿದ ಗೆರೆ, ಅದೇ ಧ್ವನಿ. ಹಸಿರು, ನೀಲಿ ಎಲ್ಲ ಹೋಗಿ ಬರೀ ಕೆಂಪು ಉಳಿದಿದೆ. ಆ ಕಾಲದ ಬಣ್ಣದ ಪ್ರಿಂಟುಗಳು ಬಹುಪಾಲು ಹೀಗೇ ಕೆಂಪಾಗುತ್ತವೆ. ಸೀರೆ ಉಟ್ಟ ಹೆಂಗಸು ಬಾಗಿಲ ಕಡೆ ತಿರುಗುತ್ತಿದ್ದಾಳೆ. ಮೊದಲ ಚೌಕಕ್ಕೂ ಒಂಬತ್ತನೆಯದಕ್ಕೂ ಅವಳ ಕತ್ತು ಒಂದು ಎಳೆಯಷ್ಟು ತಿರುಗಿದೆ, ಅಷ್ಟೇ. ಯಾರು, ಯಾವ ಸಿನಿಮಾ ಗೊತ್ತಾಗುತ್ತಿಲ್ಲ. ಸೆಕೆಂಡಿಗೆ 24 ಚೌಕ ಓಡಬೇಕು. ಅರ್ಧ ಸೆಕೆಂಡಿಗೂ ಕಡಿಮೆ ಹೊತ್ತು ನನ್ನ ಡಬ್ಬಿಯಲ್ಲಿದೆ.

ಈ ತುಂಡು ಯಾವುದೋ ಪ್ರಿಂಟಿನಿಂದ ಕತ್ತರಿಸಿದ್ದು, ಆ ಪ್ರಿಂಟಿನಲ್ಲಿ ಇಷ್ಟು ಕಡಿಮೆ. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷ ಓಡುತ್ತದೆ. ದೊಡ್ಡ ಊರುಗಳಲ್ಲಿ ಓಡಿ ಓಡಿ ಸವೆದ ಮೇಲೆಯೇ ಪ್ರಿಂಟು ನಮ್ಮ ಕಡೆಯ ಟೂರಿಂಗ್ ಟಾಕೀಸಿಗೆ ಬರುತ್ತಿತ್ತು. ಹರಿದಾಗಲೆಲ್ಲ ಆಪರೇಟರ್ ಹಾಳಾದ ಚೌಕಗಳನ್ನು ಕತ್ತರಿಸಿ ಅಂಟಿಸುತ್ತಿದ್ದ. ಹಾಡಿನ ನಡುವೆ ತಟಕ್ಕನೆ ಹಾರಿದರೆ ಟೆಂಟೆಲ್ಲ ಶಿಳ್ಳೆ. ಹಾಗಾಗಿ ಬೆಂಗಳೂರಿನಲ್ಲಿ ನೋಡಿದ ಮಾವನ ಸಿನಿಮಾ, ಕುಣಿಗಲ್ಲಿನಲ್ಲಿ ನೋಡಿದ ಅಪ್ಪನ ಸಿನಿಮಾ, ಜಾತ್ರೆಯ ಟೆಂಟಿನಲ್ಲಿ ನೋಡಿದ ನಮ್ಮ ಸಿನಿಮಾ, ಹೆಸರು ಒಂದೇ ಆದರೂ ಅಳತೆ ಬೇರೆ ಬೇರೆ. ಯಾರ ನೆನಪಿನ ಸೀನು ಯಾರಿಗೆ ಕಾಣಲಿಲ್ಲ ಅಂತ ಜಗಳ ಆಡುವ ಮೊದಲು ಎಲ್ಲಿ ನೋಡಿದ್ದು ಅಂತ ಕೇಳಬೇಕು.

ಅದೇ ದಿನ, ರಾತ್ರಿ. ವಿ.ಸಿ.ಡಿ.ಗಳ ಲೆಕ್ಕ. ಒಂದು ತಟ್ಟೆಗೆ 74ರಿಂದ 80 ನಿಮಿಷ ಹಿಡಿಯುತ್ತದೆ. ಎರಡೂಮುಕ್ಕಾಲು ಗಂಟೆಯ ಸಿನಿಮಾಕ್ಕೆ ಮೂರು ತಟ್ಟೆ ಬೇಕು. ಎರಡರಲ್ಲೇ ಮುಗಿಸಬೇಕೆಂದರೆ ಏನಾದರೂ ಹೋಗಲೇಬೇಕು. ನನ್ನ ಹತ್ತಿರ ಇರುವ ಎರಡು ತಟ್ಟೆಯ ಒಂದು ಹಳೆಯ ಸಿನಿಮಾದಲ್ಲಿ ಹಾಸ್ಯದ ಜೋಡಿಯ ಹಾಡೇ ಇಲ್ಲ. ಅಮ್ಮ ಅದನ್ನು ಪಾತ್ರೆ ತೊಳೆಯುವಾಗ ಪೂರ್ತಿ ಹಾಡುತ್ತಾಳೆ.

ಶನಿವಾರ. ಹಿಂದಿನ ಬೀದಿಯ ಅಜ್ಜಿಗೆ ತೊಂಬತ್ತರ ಮೇಲೆ. ಮಹಾಭಾರತ ಯುದ್ಧದ ಸಿನಿಮಾದಲ್ಲಿ ಆನೆ ಬಂದು ನಿಲ್ಲುತ್ತಿತ್ತು, ಈಗ ಮೊಮ್ಮಗ ಟಿ.ವಿ.ಯಲ್ಲಿ ತೋರಿಸುವ ಯಾವುದರಲ್ಲೂ ಆ ಆನೆ ಇಲ್ಲ ಅನ್ನುತ್ತಾರೆ. ಎಷ್ಟು ಹೊತ್ತು ಕೂತರೂ ನನಗೆ ಬಗೆಹರಿಯಲಿಲ್ಲ. ಎದ್ದು ಹೊರಡುವಾಗ ಅಜ್ಜಿ ಅಂದರು: ‘ಲದ್ದಿ ವಾಸನೆಗೆ ನಾನು ಸೆರಗು ಮುಚ್ಕೊಂಡಿದ್ದೆ ಕಣಪ್ಪ.’

ತೆರೆಯ ಮೇಲಿನ ಆನೆಗೆ ವಾಸನೆ ಎಲ್ಲಿಂದ ಬರಬೇಕು? ಅಜ್ಜಿ ನೋಡಿದ್ದು ಸಿನಿಮಾ ಅಲ್ಲ, ನಾಟಕ. ನಮ್ಮ ಜಿಲ್ಲೆಯ ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದವರು. ಅವರ ನಾಟಕ ಕಂಪನಿಯ ನಟರೇ ಮುಂದೆ ಸಿನಿಮಾಕ್ಕೆ ಹೋದರು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕನಾದ ರಾಜ್‌ಕುಮಾರ್ ಅವರೂ ಆ ಕಂಪನಿಯಿಂದಲೇ ಬಂದವರು. ಅದೇ ಮುಖ, ಅದೇ ದನಿ ಎರಡೂ ಕಡೆ ಇದ್ದಾಗ ಅಜ್ಜಿಯ ಮನಸ್ಸಿನಲ್ಲಿ ಎರಡೂ ಒಂದಾಗಿವೆ. ಇದನ್ನು ತಪ್ಪು ನೆನಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಅಜ್ಜಿ ಆನೆಯನ್ನು ನೋಡಿದ್ದಾರೆ.

ರಾಮಾಯಣದ ಧಾರಾವಾಹಿಯದೂ ಇದೇ ಜಾತಿಯ ಗೊಂದಲ. 1987ರ ಜನವರಿಯಿಂದ ದೂರದರ್ಶನದಲ್ಲಿ ಬಂದದ್ದನ್ನು 2020ರ ಲಾಕ್‌ಡೌನಿನಲ್ಲಿ, ಮಾರ್ಚ್ 28ರಿಂದ, ಮತ್ತೆ ಹಾಕಿದಾಗ ಸೀನುಗಳನ್ನು ಕತ್ತರಿಸಿದ್ದಾರೆಂದು ದೇಶದ ಎಷ್ಟೋ ಕಡೆ ಜನ ದೂರಿದರು. ನಮ್ಮ ಬೀದಿಯಲ್ಲಿ ಮೈರಾವಣ ಎಲ್ಲಿ ಅಂತ ಕೇಳಿದವರಿದ್ದರು. ವಾಲ್ಮೀಕಿಯಲ್ಲಿ ಮೈರಾವಣ ಇಲ್ಲ. ಆದರೆ ಪಾತಾಳಕ್ಕೆ ಇಳಿದು ರಾಮಲಕ್ಷ್ಮಣರನ್ನು ಬಿಡಿಸಿ ತರುವ ಆಂಜನೇಯನನ್ನು ಬಯಲಾಟದಲ್ಲಿ ನೋಡಿ ಬೆಳೆದವರು ನಾವು.

ಭಾನುವಾರ. ಅಣ್ಣನಿಗೆ ಹೇಳಿಬಂದೆ. ಮೊದಲಿನ ಅಂತ್ಯವಿರುವ ಶೋಲೆಯನ್ನು ಸರಿಪಡಿಸಿ 2025ರ ಜೂನಿನಲ್ಲಿ ಇಟಲಿಯ ಬೊಲೊನ್ಯಾದಲ್ಲಿ ತೋರಿಸಿದರು, ಡಿಸೆಂಬರಿನಲ್ಲಿ ನಮ್ಮ ದೇಶದ ಥಿಯೇಟರುಗಳಿಗೂ ಬಂತು ಅಂತ. ಅಣ್ಣ ಆ ಹುಡುಗನನ್ನು ಕೂಗಿ ಕರೆದು, ‘ಇನ್ನೊಂದು ಸಲ ಹೇಳಪ್ಪ, ಇವನೂ ಕೇಳಲಿ’ ಅಂದರು. ಹೇಳಿದೆ.

ಶೋಲೆಯನ್ನು ಹುಡುಕುವವರಿದ್ದರು, ಸಿಕ್ಕಿತು. 1934ರಲ್ಲಿ ತೆರೆ ಕಂಡ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ದ ಒಂದು ಪ್ರಿಂಟೂ ಉಳಿದಿಲ್ಲ. ಇಂದ್ರಜಿತನಾಗಿ ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬಾ, ರಾವಣನಾಗಿ ಆರ್. ನಾಗೇಂದ್ರರಾಯರು. ಕಾಣೆಯಾದದ್ದು ಒಂದು ಸೀನಲ್ಲ, ಇಡೀ ಸಿನಿಮಾ. ಅದನ್ನು ನೋಡಿದವರು ಏನು ನೋಡಿದರು ಎಂದು ಬರೆದಿಟ್ಟುಕೊಂಡಿದ್ದರೆ ಅಷ್ಟಾದರೂ ನಮ್ಮ ಕೈಗೆ ಬರುತ್ತಿತ್ತು.

ಆದ್ದರಿಂದ ಓದುವವರಲ್ಲಿ ಒಂದು ಮಾತು. ನಿಮ್ಮ ಮನೆಯ ಹಿರಿಯರು ‘ಆ ಸೀನು ಇತ್ತು’ ಅಂದರೆ ಫೋನು ತೆಗೆದು ಸುಳ್ಳು ಮಾಡಬೇಡಿ. ಎಲ್ಲಿ, ಯಾವ ವರ್ಷ, ಟೆಂಟೋ ಕ್ಯಾಸೆಟ್ಟೋ ಕೇಳಿ ಬರೆದಿಡಿ. ಅಟ್ಟದಲ್ಲಿ ಹಳೆಯ ಕ್ಯಾಸೆಟ್, ರೀಲು ಇದ್ದರೆ ಗುಜರಿಗೆ ಹಾಕಬೇಡಿ. ತೇವ ತಾಗದ ಕಡೆ ಕ್ಯಾಸೆಟ್ಟನ್ನು ನಿಲ್ಲಿಸಿ, ರೀಲನ್ನು ಮಲಗಿಸಿ ಇಡಿ. ಫಿಲ್ಮಿನ ಡಬ್ಬಿ ತೆರೆದಾಗ ಹುಳಿ ವಾಸನೆ ಬಂದರೆ ಅದು ಕೆಡಲು ಶುರುವಾಗಿದೆ ಅಂತ ಅರ್ಥ, ತಡಮಾಡದೆ ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವಿಗೆ ಬರೆಯಿರಿ. ನನ್ನ ಒಂಬತ್ತು ಚೌಕದ ಆ ಹೆಂಗಸು ಯಾರೆಂದು ತಿಳಿದವರಿದ್ದರೆ ಯಡಿಯೂರಿಗೆ ಬನ್ನಿ, ತೋರಿಸುತ್ತೇನೆ.